ಸೈಕಲ್ ಸೀಟಿನ ನೋವು: ಯಾವುದನ್ನು ತಡೆದುಕೊಳ್ಳಬೇಕು, ಯಾವುದನ್ನು ತಡೆದುಕೊಳ್ಳಬಾರದು?



ಈ ವಾರದ ವಿಷಯ ಸ್ವಲ್ಪ ಮುಜುಗರದ್ದು. ಮನೆಯ ಗ್ರೂಪಿನಲ್ಲಿ ಅತ್ತೆ, ಮಾವ, ಅಳಿಯ, ಸೊಸೆ ಎಲ್ಲರೂ ಇರುತ್ತಾರೆ, ಇದನ್ನು ಹೇಗೆ ಕಳಿಸುವುದು ಎಂದು ನಿಮಗೆ ಅನ್ನಿಸಬಹುದು. ಆದರೆ ಮುಜುಗರದಿಂದ ಸುಮ್ಮನಿದ್ದು ತೊಂದರೆ ಮಾಡಿಕೊಂಡವರನ್ನು ನೋಡಿದ ಮೇಲೆ ಬರೆಯಲೇಬೇಕು ಅನ್ನಿಸಿತು. ವಿಷಯ ಇಷ್ಟೇ: ಎಷ್ಟೋ ವರ್ಷದ ಮೇಲೆ ಮತ್ತೆ ಸೈಕಲ್ ಹತ್ತಿದವರಿಗೆ ಕೂರುವ ಜಾಗದಲ್ಲಿ ಆಗುವ ನೋವು, ಉರಿ ಮತ್ತು ಜೋಮು.

ನಿಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಒಮ್ಮೆ ಕಣ್ಣಾಡಿಸಿ. ಧೂಳು ಹಿಡಿದ ಗೇರ್ ಸೈಕಲ್ ಎರಡಾದರೂ ಸಿಗುತ್ತವೆ. ಡಾಕ್ಟರು "ಶುಗರ್ ಶುರುವಾಗಿದೆ, ವ್ಯಾಯಾಮ ಮಾಡಿ" ಅಂದಿರುತ್ತಾರೆ, ಅಥವಾ "ಮಂಡಿಗೆ ಓಟ ಬೇಡ, ಸೈಕಲ್ ತುಳಿಯಿರಿ" ಅಂದಿರುತ್ತಾರೆ. ಹದಿನೈದು ಸಾವಿರ ಕೊಟ್ಟು ತಂದವರು ಮೂರು ದಿನ ತುಳಿದು ನಾಲ್ಕನೇ ದಿನ ನಿಲ್ಲಿಸಿರುತ್ತಾರೆ. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರೆ "ಟೈಮ್ ಎಲ್ಲಿದೆ ರೀ" ಅನ್ನುತ್ತಾರೆ. ನಿಜವಾದ ಕಾರಣ ಬಾಯಿಬಿಡುವುದಿಲ್ಲ. ನಾನೂ ಬಿಟ್ಟಿರಲಿಲ್ಲ.

ನಾನು ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎಂದೇ ಹೆಸರಾಗಿದ್ದ ಊರು ಇದು. ನಾನು ಬರುವ ಹೊತ್ತಿಗೆ ಸ್ಕೂಟರುಗಳ ಊರಾಗಿತ್ತು. ನಲವತ್ತೇಳನೇ ವಯಸ್ಸಿನಲ್ಲಿ ನಾನೂ ಒಂದು ಸೈಕಲ್ ಕೊಂಡೆ. ಗದಗದ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೈಸ್ಕೂಲಿಗೆ ದಿನಾ ಎಂಟು ಕಿಲೋಮೀಟರ್ ತುಳಿದವನು, ಸೀಟಿಗೆ ಕಾಲು ಎಟುಕದ ವಯಸ್ಸಿನಲ್ಲೇ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದವನು, ನನಗೇನು ಹೊಸದೇ ಎಂಬ ಗತ್ತು ಬೇರೆ. ಮೊದಲನೇ ದಿನವೇ ಹದಿನೆಂಟು ಕಿಲೋಮೀಟರ್ ಹೊಡೆದುಬಂದೆ. ಮರುದಿನ ಆಫೀಸಿನ ಕುರ್ಚಿಯಲ್ಲಿ ಒಂದು ಕಡೆ ವಾಲಿಕೊಂಡು ಕೂತಿದ್ದೆ. ಪಕ್ಕದ ಮೇಜಿನವರು ಬೆನ್ನುನೋವೇ ಎಂದು ಕೇಳಿದರು. ಹೌದು ಅಂದೆ.

ಹುಡುಗನಾಗಿದ್ದಾಗ ಇಲ್ಲದ ನೋವು ಈಗ ಎಲ್ಲಿಂದ ಬಂತು? ಆಗ ನನ್ನ ತೂಕ ಮೂವತ್ತೈದು ಕಿಲೋ, ಈಗ ಎಪ್ಪತ್ತೆಂಟು. ಆಗ ಸೀಟಿನ ಮೇಲೆ ಕೂತದ್ದಕ್ಕಿಂತ ಎದ್ದು ನಿಂತು ತುಳಿದದ್ದೇ ಹೆಚ್ಚು. ಹಳೆಯ ಕರಿ ಸೈಕಲ್ಲಿನಲ್ಲಿ ಬೆನ್ನು ನೆಟ್ಟಗಿರುತ್ತಿತ್ತು, ಈಗಿನ ಗೇರ್ ಸೈಕಲ್ಲಿನಲ್ಲಿ ಮುಂದಕ್ಕೆ ಬಗ್ಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಗ ದಿನಾ ರೂಢಿಯಿತ್ತು. ಕಾಲಿಗೆ, ಎದೆಗೆ ಹಳೆಯ ಶಕ್ತಿ ಸ್ವಲ್ಪ ಉಳಿದಿರಬಹುದು, ಕೂರುವ ಜಾಗಕ್ಕೆ ಹಳೆಯ ರೂಢಿ ಉಳಿದಿರುವುದಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಎಂದರೆ ಆಗುತ್ತಿದ್ದ ಎಲ್ಲವನ್ನೂ "ಸೀಟು ನೋವು" ಎಂಬ ಒಂದೇ ಹೆಸರಿನಲ್ಲಿ ಕರೆದದ್ದು. ಅಸಲಿಗೆ ಅಲ್ಲಿ ಮೂರು ಬೇರೆ ಬೇರೆ ತೊಂದರೆಗಳಿರುತ್ತವೆ. ಮೂಳೆಯ ಮೇಲೆ ಭಾರ ಬಿದ್ದು ಆಗುವ ನೋವು ಒಂದು. ಚರ್ಮ ಉಜ್ಜಿ ಆಗುವ ಉರಿ, ಗುಳ್ಳೆ ಇನ್ನೊಂದು. ನರ ಒತ್ತಿ ಹಿಡಿಯುವ ಜೋಮು ಮತ್ತೊಂದು. *ಮೊದಲನೆಯದನ್ನು ಎರಡು ಮೂರು ವಾರ ತಡೆದುಕೊಂಡರೆ ತಾನೇ ಹೋಗುತ್ತದೆ. ಉಳಿದೆರಡನ್ನು ತಡೆದುಕೊಳ್ಳಬಾರದು.* ಜನ ಮಾಡುವುದು ಇದರ ತಿರುವುಮುರುವು. ಮೂಳೆ ನೋವಿಗೆ ಹೆದರಿ ಸೈಕಲ್ ಮಾರುತ್ತಾರೆ, ಜೋಮು ಹಿಡಿದರೆ "ಏನೂ ನೋವಿಲ್ಲವಲ್ಲ" ಎಂದು ಇನ್ನೂ ಹತ್ತು ಕಿಲೋಮೀಟರ್ ತುಳಿಯುತ್ತಾರೆ.

*ಮೂಳೆಯ ನೋವು*

ಈಗಲೇ ಒಂದು ಗಟ್ಟಿ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಎರಡೂ ಅಂಗೈಯನ್ನು ಮೇಲ್ಮುಖವಾಗಿ ನಿಮ್ಮ ಕೆಳಗೆ ಇಟ್ಟುಕೊಳ್ಳಿ. ಎಡಕ್ಕೊಂದು, ಬಲಕ್ಕೊಂದು ಗಟ್ಟಿ ಗುಬುಟು ಕೈಗೆ ಸಿಗುತ್ತದೆ. ಅವೇ ಕೂರುವ ಮೂಳೆಗಳು, ಸೊಂಟದ ಎಲುಬಿನ ಕೆಳತುದಿಗಳು. ದೇಹದ ಭಾರ ಹೊರಲೆಂದೇ ಇರುವ ಜಾಗ ಅದು. ಸೈಕಲ್ ಸೀಟಿನ ಹಿಂಭಾಗ ಅಗಲವಾಗಿರುವುದೂ ಈ ಎರಡು ಮೂಳೆಗಳಿಗಾಗಿಯೇ. ಸೀಟಿನ ಮುಂದಿನ ಚೂಪಾದ ಮೂತಿ ಕೂರುವುದಕ್ಕಲ್ಲ, ತೊಡೆಗಳ ನಡುವೆ ಸೈಕಲ್ಲನ್ನು ಹಿಡಿತದಲ್ಲಿಡುವುದಕ್ಕೆ.

ಮೊದಲ ದಿನಗಳಲ್ಲಿ ಆ ಎರಡು ಮೂಳೆಗಳ ಮೇಲೆ, ಜಜ್ಜಿದ ಹಾಗೆ, ಬೆರಳಿಟ್ಟು ತೋರಿಸಬಹುದಾದ ನೋವಿದ್ದರೆ ಗಾಬರಿ ಬೇಡ. ಬಹಳ ದಿನದ ಮೇಲೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸತ್ಯನಾರಾಯಣ ಪೂಜೆ ಮುಗಿಸಿದ ಮೇಲೆ ಕಾಲು ಹಿಡಿಯುವುದಿಲ್ಲವೇ, ಹಾಗೆಯೇ ಇದು. ಮೂಳೆಯ ಮೇಲಿನ ಮಾಂಸ, ಚರ್ಮ ಎರಡೂ ಭಾರಕ್ಕೆ ಒಗ್ಗಿಕೊಳ್ಳಲು ಸಮಯ ಬೇಕು. ಆ ಸಮಯ ಕೊಡಬೇಕಾದವರು ನೀವು.

ಹೇಗೆ ಕೊಡುವುದು? ಮೊದಲ ವಾರ 15–20 ನಿಮಿಷ ಸಾಕು, ಅದೂ ದಿನ ಬಿಟ್ಟು ದಿನ. ಉಸಿರು, ಕಾಲು ಇನ್ನೂ ಬೇಕು ಅನ್ನುತ್ತವೆ, ಅವುಗಳ ಮಾತು ಕೇಳಬೇಡಿ. ಎರಡನೇ ವಾರ ಅರ್ಧ ಗಂಟೆ. ನೋವು ಕಡಿಮೆಯಾಗುತ್ತಿದ್ದರೆ ಮೂರು ನಾಲ್ಕನೇ ವಾರದ ಹೊತ್ತಿಗೆ 45 ನಿಮಿಷದವರೆಗೆ ಹೋಗಬಹುದು. ಒಂದು ದಿನ ತುಳಿದು ಹತ್ತು ದಿನ ಬಿಟ್ಟರೆ ಪ್ರತಿ ಸಲವೂ ಮೊದಲನೇ ದಿನವೇ ಆಗುತ್ತದೆ. ಭಾನುವಾರ ಮಾತ್ರ ನಲವತ್ತು ಕಿಲೋಮೀಟರ್ ಹೊಡೆದು ವಾರವಿಡೀ ನರಳುವವರನ್ನು ಪ್ರತಿ ಊರಿನ ಸೈಕಲ್ ಗುಂಪಿನಲ್ಲೂ ನೋಡಬಹುದು.

ತುಳಿಯುವಾಗ ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ಹತ್ತು ಹದಿನೈದು ಸೆಕೆಂಡು ಸಾಗಿ. ಒತ್ತಿಹೋದ ಜಾಗಕ್ಕೆ ರಕ್ತ ಹರಿಯುತ್ತದೆ. ಸ್ಪೀಡ್ ಬ್ರೇಕರ್, ಗುಂಡಿ ಬಂದಾಗಲಂತೂ ಕೂತಿರಲೇಬೇಡಿ. ಮುಂಬೈ ಪುಣೆಯ ಮಳೆಗಾಲದ ರಸ್ತೆಗಳಲ್ಲಿ ಹತ್ತು ನಿಮಿಷ ಕಾಯುವ ಅಗತ್ಯವೇ ಬೀಳುವುದಿಲ್ಲ, ರಸ್ತೆಯೇ ಎಬ್ಬಿಸುತ್ತದೆ. ನಿಜ ಹೇಳಬೇಕೆಂದರೆ ನುಣುಪಾದ ದಾರಿಯಲ್ಲೇ ಜಾಸ್ತಿ ಎಚ್ಚರ ಬೇಕು. ಹೈದರಾಬಾದಿನಲ್ಲಿ ಹೊರವರ್ತುಲ ರಸ್ತೆಯ ಪಕ್ಕ 2023ರಲ್ಲಿ ತೆರೆದ, ಮೇಲೆ ಸೋಲಾರ್ ಚಾವಣಿ ಇರುವ 23 ಕಿಲೋಮೀಟರ್ ಸೈಕಲ್ ಪಥದಂಥ ಕಡೆ ಒಮ್ಮೆಯೂ ಸೀಟು ಬಿಟ್ಟೇಳದೆ ಒಂದು ಗಂಟೆ ತುಳಿದುಬಿಡುತ್ತೇವೆ. ಮನೆಯೊಳಗಿನ ವ್ಯಾಯಾಮದ ಸೈಕಲ್ಲಿನದೂ ಅದೇ ಕಥೆ. ಟಿವಿ ನೋಡುತ್ತಾ ಕೂತಲ್ಲೇ ಕೂತಿರುತ್ತೇವೆ. ಜಾಹೀರಾತು ಬಂದಾಗಲೆಲ್ಲ ಎದ್ದು ನಿಲ್ಲಿ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಮೆತ್ತನೆಯ ಜೆಲ್ ಕವರ್ ಹಾಕಿದರೆ ಆಗುವುದಿಲ್ಲವೇ? ನಾನೂ ನಾಲ್ಕುನೂರು ರೂಪಾಯಿ ಕೊಟ್ಟು ತರಿಸಿದೆ. ಮೊದಲ ಹತ್ತು ನಿಮಿಷ ಸ್ವರ್ಗ, ಆಮೇಲೆ ಮೊದಲಿಗಿಂತ ಕಷ್ಟ. ಊಟಕ್ಕೆ ಮಣೆಯ ಮೇಲೆ ಕೂತಾಗ ಭಾರವೆಲ್ಲ ಆ ಎರಡು ಮೂಳೆಗಳ ಮೇಲೇ ಇರುತ್ತದೆ. ಮೆತ್ತನೆ ದಿಂಬಿನ ಮೇಲೆ ಕೂತರೆ ಮೂಳೆಗಳು ಹೂತುಹೋಗಿ, ನಡುವಿನ ಮೆತ್ತೆ ಉಬ್ಬಿ ಮೇಲೆ ಬರುತ್ತದೆ. ಸೈಕಲ್ ಸೀಟಿನಲ್ಲಿ ಹಾಗೆ ಉಬ್ಬಿ ಬಂದದ್ದು ಒತ್ತುವುದು ಎರಡು ಮೂಳೆಗಳ ನಡುವಿನ ಮೃದು ಜಾಗವನ್ನು. ಭಾರ ಹೊರಬಾರದ ಜಾಗ ಅದು. ಜೊತೆಗೆ ಕವರ್ ಅತ್ತಿತ್ತ ಜಾರಿ ಚರ್ಮವನ್ನೂ ಉಜ್ಜುತ್ತದೆ. ನೆಟ್ಟಗೆ ಕೂತು ತರಕಾರಿ ತರಲು ಹೋಗುವ ಸೈಕಲ್ಲಿಗೆ ಅಗಲವಾದ, ಸ್ಪ್ರಿಂಗಿನ ಸೀಟು ಚೆನ್ನಾಗಿಯೇ ಇರುತ್ತದೆ. ಅರ್ಧ ಗಂಟೆ ಮೀರಿ ತುಳಿಯುವವರಿಗೆ ಸ್ವಲ್ಪ ಗಟ್ಟಿಯಾದ, ಮೂಳೆಗಳ ಅಳತೆಗೆ ಹೊಂದುವ ಸೀಟೇ ಸರಿ.

*ಸೀಟು ಕೂರಿಸುವುದು*

ಇದಕ್ಕೆ ದುಡ್ಡು ಬೇಡ. ಒಂದು ಅಲನ್ ಕೀ ಮತ್ತು ಅರ್ಧ ಗಂಟೆ ಸಾಕು. ಅಂಗಡಿಯವರು ಕಾಲು ನೆಲಕ್ಕೆ ಸಿಗುವ ಹಾಗೆ ಸೀಟು ತಗ್ಗಿಸಿ ಕೊಟ್ಟಿರುತ್ತಾರೆ, ನಮಗೂ ಅದೇ ಧೈರ್ಯ. ಆದರೆ ಸೀಟು ತಗ್ಗಾಗಿದ್ದರೆ ಕಾಲು ಭಾರ ಹೊರುವುದಿಲ್ಲ, ಭಾರವೆಲ್ಲ ಕೂರುವ ಜಾಗದ ಮೇಲೆ ಬೀಳುತ್ತದೆ. ಮಂಡಿಗೂ ಕೆಟ್ಟದ್ದು.

ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಒಂದು ಪೆಡಲ್ಲನ್ನು ತೀರ ಕೆಳಕ್ಕೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಮಂಡಿ ಪೂರ್ತಿ ನೇರವಾದರೆ ಎತ್ತರ ಸರಿಯಿದೆ. ಆಮೇಲೆ ಎಂದಿನಂತೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಇದಕ್ಕಿಂತ ಎತ್ತರ ಮಾಡಿದರೆ ಪೆಡಲ್ ಮುಟ್ಟಲು ಸೊಂಟ ಎಡಕ್ಕೂ ಬಲಕ್ಕೂ ಕುಣಿಯುತ್ತದೆ, ಒಂದೊಂದು ಸುತ್ತಿಗೂ ಚರ್ಮ ಉಜ್ಜುತ್ತದೆ. ಮನೆಯವರಿಗೆ ಹೇಳಿ ಹಿಂದಿನಿಂದ ಒಂದು ವಿಡಿಯೋ ತೆಗೆಸಿಕೊಳ್ಳಿ, ಸೊಂಟ ಕುಣಿಯುವುದು ತಕ್ಷಣ ಗೊತ್ತಾಗುತ್ತದೆ. ಸೀಟು ಎತ್ತರಿಸಿದ ಮೇಲೆ ಸಿಗ್ನಲ್ಲಿನಲ್ಲಿ ಸೀಟಿನ ಮೇಲಿಂದಲೇ ಕಾಲೂರಲು ಆಗುವುದಿಲ್ಲ, ಮುಂದಕ್ಕೆ ಇಳಿದು ನಿಲ್ಲಬೇಕು. ಸೊಸೈಟಿಯ ಒಳಗೆ ಎರಡು ದಿನ ರೂಢಿ ಮಾಡಿಕೊಂಡು ರಸ್ತೆಗಿಳಿಯಿರಿ.

ಎತ್ತರದ ನಂತರ ಓರೆ. ಸೀಟು ನೆಲಕ್ಕೆ ಸಮವಾಗಿರಬೇಕು. ಫೋನಿನಲ್ಲಿ ಮಟ್ಟ ನೋಡುವ ಆಪ್ ಇರುತ್ತದೆ, ಸೀಟಿನ ಮೇಲೆ ಒಂದು ಪುಸ್ತಕವಿಟ್ಟು ಅದರ ಮೇಲೆ ಫೋನಿಟ್ಟು ನೋಡಿ. ಮೂತಿ ಮೇಲಕ್ಕೆದ್ದಿದ್ದರೆ ಅದೇ ನಿಮ್ಮ ಶತ್ರು. ತೀರ ಬೇಕಾದರೆ ಮೂತಿಯನ್ನು ಕೂದಲೆಳೆಯಷ್ಟು ತಗ್ಗಿಸಬಹುದು. ಜಾಸ್ತಿ ತಗ್ಗಿಸಿದರೆ ಮುಂದಕ್ಕೆ ಜಾರಿ ಜಾರಿ ಮೂತಿಯ ಮೇಲೇ ಬಂದು ಕೂರುತ್ತೀರಿ, ಕೈಗಳೂ ನೋಯುತ್ತವೆ. ಹ್ಯಾಂಡಲ್ ತುಂಬ ದೂರ ಅಥವಾ ತುಂಬ ತಗ್ಗಿನಲ್ಲಿದ್ದರೂ ಸೊಂಟ ಮುಂದಕ್ಕೆ ಮಗುಚಿ ಭಾರ ಮೃದು ಜಾಗಕ್ಕೆ ಹೋಗುತ್ತದೆ. ನಲವತ್ತೈದು ದಾಟಿದವರು, ಹೊಟ್ಟೆ ಇರುವವರು ಹ್ಯಾಂಡಲನ್ನು ಸ್ವಲ್ಪ ಎತ್ತರಿಸಿಕೊಳ್ಳಿ, ಇದರಲ್ಲಿ ನಾಚಿಕೆ ಏನೂ ಇಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ದಿನ ತುಳಿದು ನೋಡಿ. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಗುಣವಾಯಿತು ಎಂಬುದೇ ತಿಳಿಯುವುದಿಲ್ಲ.

ಇಷ್ಟು ಮಾಡಿ ಒಂದು ತಿಂಗಳಾದರೂ ಮೂಳೆಯ ನೋವು ಹಾಗೆಯೇ ಇದ್ದರೆ ಸೀಟಿನ ಅಗಲ ನೋಡಬೇಕು. ಪಾರ್ಸೆಲ್ ಬರುವ ಸುಕ್ಕುಸುಕ್ಕಿನ ರಟ್ಟನ್ನು ಗಟ್ಟಿ ಮೆಟ್ಟಿಲ ಮೇಲೆ ಹಾಸಿ, ತೆಳು ಬಟ್ಟೆಯಲ್ಲಿ ಅದರ ಮೇಲೆ ಸ್ವಲ್ಪ ಮುಂದಕ್ಕೆ ಬಗ್ಗಿ ಒಂದು ನಿಮಿಷ ಕೂರಿ. ಎದ್ದರೆ ಎರಡು ತಗ್ಗು ಮೂಡಿರುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿನವರೆಗೆ ಅಳೆಯಿರಿ. ಸೀಟಿನ ಹಿಂಭಾಗ ಆ ಅಳತೆಗಿಂತ ಸುಮಾರು ಎರಡರಿಂದ ಮೂರು ಸೆಂಟಿಮೀಟರ್ ಅಗಲವಿರಬೇಕು. ಈ ಅಳತೆ ದಪ್ಪ, ತೆಳುವಿನ ಮೇಲೆ ನಿಂತಿಲ್ಲ, ಮೂಳೆಯ ಮೇಲೆ ನಿಂತಿದೆ. ಹೆಂಗಸರಲ್ಲಿ ಈ ಅಂತರ ಸಾಮಾನ್ಯವಾಗಿ ಹೆಚ್ಚು. ಗಂಡನ ಸೈಕಲ್ಲನ್ನೇ ಸೀಟು ತಗ್ಗಿಸಿ ತುಳಿಯುವ ಅಕ್ಕ ತಂಗಿಯರು ಇದನ್ನು ಗಮನಿಸಿ. "ನಂಗೇ ಯಾಕೋ ಆಗ್ತಿಲ್ಲ" ಎಂದು ಬಿಟ್ಟವರಿಗೆ ಎಷ್ಟೋ ಸಲ ಬೇಕಿದ್ದದ್ದು ಬೇರೆ ಸೀಟು ಮಾತ್ರ.

*ಚರ್ಮದ ಉರಿ, ಗುಳ್ಳೆ*

ತೊಡೆಸಂದಿನಲ್ಲಿ, ಸೀಟಿನ ಅಂಚು ತಗಲುವಲ್ಲಿ ಕೆಂಪಾಗಿ, ಸ್ನಾನದ ನೀರು ಬಿದ್ದಾಗ ಚುರ್ ಅಂದರೆ ಅದು ಮೂಳೆಯ ನೋವಲ್ಲ. ಬೆವರು, ಶಾಖ, ಉಜ್ಜಾಟ ಮೂರೂ ಸೇರಿ ಚರ್ಮದ ಮೇಲ್ಪದರ ಕಿತ್ತಿರುತ್ತದೆ. ಅಲ್ಲಿಂದ ಕ್ರಿಮಿ ಒಳಹೋದರೆ ಕೂದಲಿನ ಬುಡದಲ್ಲಿ ಗುಳ್ಳೆ, ಅದು ದೊಡ್ಡದಾದರೆ ಕುರು. ದೆಹಲಿಯ ಚಳಿಗಾಲದಲ್ಲಿ ಇದರ ಕಾಟ ಅಷ್ಟಿಲ್ಲ. ಚೆನ್ನೈ, ಮುಂಬೈಯ ಬೆವರಿನಲ್ಲಿ ಅರ್ಧ ಗಂಟೆಗೇ ಶುರು.

ಮೊದಲ ಅಪರಾಧಿ ಬಟ್ಟೆ. ಜೀನ್ಸಿನ ನಡುವಿನ ದಪ್ಪ ಹೊಲಿಗೆ, ಒಳಚಡ್ಡಿಯ ಅಂಚಿನ ಎಲಾಸ್ಟಿಕ್, ಬೆವರು ಕುಡಿದು ಒದ್ದೆಯಾಗಿ ಮುದ್ದೆಯಾಗುವ ಹತ್ತಿ ಬಟ್ಟೆ, ಇವೇ ಉಜ್ಜುವುದು. ದಿನಾ ಅರ್ಧ ಗಂಟೆ ಮೀರಿ ತುಳಿಯುವವರು ಪ್ಯಾಡ್ ಇರುವ ಸೈಕಲ್ ಶಾರ್ಟ್ಸ್ ಒಂದಕ್ಕೆ ದುಡ್ಡು ಹಾಕಿ, ಜೆಲ್ ಕವರಿಗೆ ಹಾಕುವುದಕ್ಕಿಂತ ಎಷ್ಟೋ ಮೇಲು. *ಅದರ ಒಳಗೆ ಒಳಚಡ್ಡಿ ಹಾಕಬಾರದು.* ಇದನ್ನು ಅಂಗಡಿಯವರೂ ಸಂಕೋಚಕ್ಕೆ ಹೇಳುವುದಿಲ್ಲ, ನಾನು ಎರಡು ತಿಂಗಳು ಒಳಚಡ್ಡಿಯ ಮೇಲೇ ಹಾಕಿಕೊಂಡು ಪ್ಯಾಡನ್ನು ಬೈದೆ. ಚರ್ಮಕ್ಕೂ ಪ್ಯಾಡಿಗೂ ನಡುವೆ ಹೊಲಿಗೆ ಇರಬಾರದು ಎಂಬುದೇ ಅದರ ಉಪಾಯ. ಲಿಫ್ಟಿನಲ್ಲಿ ನೆರೆಯವರ ಎದುರು ಬಿಗಿ ಶಾರ್ಟ್ಸಿನಲ್ಲಿ ನಿಲ್ಲಲು ಮುಜುಗರವಾದರೆ ಮೇಲೊಂದು ಸಡಿಲ ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಿ, ಚೂಡಿದಾರದ ಕೆಳಗೂ ಹಾಕಬಹುದು. ದುಪಟ್ಟಾ ಮಾತ್ರ ಚಕ್ರಕ್ಕೆ ಸಿಗದಂತೆ ಮನೆಯಲ್ಲೇ ಇರಲಿ.

ಉಜ್ಜುವ ಜಾಗಕ್ಕೆ ಹೊರಡುವ ಮುಂಚೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಹಚ್ಚಿ. ಸೈಕಲ್ಲಿನವರಿಗೆಂದೇ ಮಾಡಿದ ಕ್ರೀಮುಗಳೂ ಸಿಗುತ್ತವೆ. ಕೊಬ್ಬರಿ ಎಣ್ಣೆಯೂ ಸ್ವಲ್ಪ ಹೊತ್ತಿಗೆ ಆದೀತು, ಆದರೆ ಬೇಗ ಇಂಗುತ್ತದೆ. ಪೌಡರ್ ಬೇಡ. ಬೆವರು ತಗುಲಿ ಹಿಟ್ಟಿನ ಹಾಗೆ ಉಂಡೆಕಟ್ಟಿ ಇನ್ನಷ್ಟು ಉಜ್ಜುತ್ತದೆ. ಆ ಜಾಗದ ಕೂದಲನ್ನು ಬ್ಲೇಡಿನಿಂದ ಬೋಳಿಸುವುದೂ ಬೇಡ. ಕೂದಲು ಒಳಕ್ಕೆ ಬೆಳೆದು ಗುಳ್ಳೆಗೆ ದಾರಿಯಾಗುತ್ತದೆ. ಕತ್ತರಿಯಿಂದ ಚಿಕ್ಕದು ಮಾಡಿದರೆ ಸಾಕು.

ಇನ್ನು ನಮ್ಮವರ ಭಾನುವಾರದ ಸವಾರಿಯ ಬಗ್ಗೆ ಒಂದು ಮಾತು. ಬೆಳಿಗ್ಗೆ ಆರಕ್ಕೆ ಹೊರಟು ಏಳೂವರೆಗೆ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಸೇರುತ್ತೇವೆ. ಇಡ್ಲಿ ವಡೆ, ಮೇಲೊಂದು ಕಾಫಿ, ಊರ ಸುದ್ದಿ, ಮತ್ತೊಂದು ಕಾಫಿ. ಒದ್ದೆ ಶಾರ್ಟ್ಸಿನಲ್ಲಿ ಒಂದೂಕಾಲು ಗಂಟೆ. ಗುಳ್ಳೆ ಏಳುವುದು ರಸ್ತೆಯಲ್ಲಲ್ಲ, ಆ ಬೆಂಚಿನ ಮೇಲೆ. ಕಾಫಿ ಬಿಡಿ ಎನ್ನಲು ನನಗೆ ಮನಸ್ಸಿಲ್ಲ. ಒಂದು ಒಣ ಚಡ್ಡಿ ಚೀಲದಲ್ಲಿಟ್ಟುಕೊಂಡು ಹೋಗಿ, ಬದಲಾಯಿಸಿ ಕೂರಿ. ಮನೆಗೆ ಬಂದ ಕೂಡಲೇ ಸ್ನಾನ, ಒರೆಸಿ ಪೂರ್ತಿ ಒಣಗಿಸಿಕೊಳ್ಳುವುದು, ಸಡಿಲ ಬಟ್ಟೆ. ಶಾರ್ಟ್ಸನ್ನು ಪ್ರತಿ ಸಲ ಒಗೆಯಬೇಕು, ಒಳಮಗ್ಗುಲನ್ನು ಹೊರಗೆ ಮಾಡಿ ಒಣಗಿಸಬೇಕು. ಮುಂಬೈ ಮಳೆಯಲ್ಲಿ ಆ ದಪ್ಪ ಪ್ಯಾಡ್ ಎರಡು ದಿನವಾದರೂ ಒಣಗುವುದಿಲ್ಲ, ಹಾಗಾಗಿ ಎರಡು ಜೊತೆ ಬೇಕು. ಅರೆ ಒಣಗಿದ್ದನ್ನು ಹಾಕಿಕೊಂಡು ಹೋಗುವುದಕ್ಕಿಂತ ಆ ದಿನ ಮನೆಯಲ್ಲಿರುವುದು ಲೇಸು.

ಚರ್ಮ ಕಿತ್ತಿದ್ದರೆ ವಾಸಿಯಾಗುವವರೆಗೆ ಸೈಕಲ್ ಬೇಡ, ಸಾಮಾನ್ಯವಾಗಿ ಕೆಲವೇ ದಿನದ ಮಾತು. ನಡೆಯಿರಿ. ಗುಳ್ಳೆ ಎದ್ದರೆ ಹಿಂಡಬೇಡಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಿಂದ ದಿನಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ ಕಾವು ಕೊಡಿ. ದೊಡ್ಡದಾಗುತ್ತಿದ್ದರೆ, ಸುತ್ತ ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ, ಮಲದ್ವಾರದ ಹತ್ತಿರವಿದ್ದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಉರಿಗಿಂತ ತುರಿಕೆ ಹೆಚ್ಚಾಗಿ, ಅಂಚು ಕೆಂಪಾಗಿ ಉಂಗುರದಂತೆ ಹರಡುತ್ತಿದ್ದರೆ ಅದು ಶಿಲೀಂಧ್ರದ ಸೋಂಕು, ನಮ್ಮ ಕಡೆ ಹುಳುಕಡ್ಡಿ ಅಥವಾ ಗಜಕರ್ಣ ಅನ್ನುವುದು. ಮೆಡಿಕಲ್ ಶಾಪಿನವನು ಕೊಡುವ "ಎಲ್ಲಕ್ಕೂ ಒಂದೇ" ಮುಲಾಮಿನ ಬಗ್ಗೆ ಹುಷಾರು. ಅದರಲ್ಲಿ ಸ್ಟೆರಾಯ್ಡ್ ಬೆರೆತಿದ್ದರೆ ಎರಡು ದಿನಕ್ಕೆ ತುರಿಕೆ ನಿಂತು, ಒಳಗೊಳಗೇ ಸೋಂಕು ಹಬ್ಬಿ, ಬಿಟ್ಟ ಕೂಡಲೇ ಇಮ್ಮಡಿಯಾಗಿ ಬರುತ್ತದೆ. ಚರ್ಮವೂ ತೆಳುವಾಗುತ್ತದೆ. ಇದೇ ದುರ್ಬಳಕೆಯಿಂದಾಗಿ ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದರೆ ಕೊಡುವವರಿದ್ದಾರೆ.

*ಸಕ್ಕರೆ ಕಾಯಿಲೆ ಇರುವವರಿಗೆ*

ಈ ಭಾಗ ದಯವಿಟ್ಟು ಬಿಡದೆ ಓದಿ. ಠಾಣೆಯಲ್ಲಿರುವ ನಮ್ಮ ಪರಿಚಿತರೊಬ್ಬರು, ವಯಸ್ಸು ಐವತ್ನಾಲ್ಕು, ಶುಗರ್ ಇಳಿಸಲೆಂದೇ ಸೈಕಲ್ ಹಿಡಿದವರು. ಕೂರುವ ಜಾಗದಲ್ಲಿ ಒಂದು ಗುಳ್ಳೆ ಎದ್ದಿತು. ಮನೆಯಲ್ಲಿ ಹೇಳಲಿಲ್ಲ. ಮೆಡಿಕಲ್ ಶಾಪಿನಿಂದ ಒಂದು ಮುಲಾಮು ತಂದು ಎಂಟು ದಿನ ಹಚ್ಚಿಕೊಂಡರು, ನಡುವೆ ಎರಡು ದಿನ ಸೈಕಲ್ಲನ್ನೂ ತುಳಿದರು. ಒಂಬತ್ತನೇ ದಿನ ನಡುಕದ ಜ್ವರ. ಕೀವು ಆಳಕ್ಕಿಳಿದಿತ್ತು, ಆಸ್ಪತ್ರೆಯಲ್ಲಿ ಕೊಯ್ದು ತೆಗೆಯಬೇಕಾಯಿತು, ದಿನಾ ಡ್ರೆಸ್ಸಿಂಗ್, ತಿಂಗಳ ಹತ್ತಿರ ಕೆಲಸವಿಲ್ಲ. ಅವರ ಹೆಂಡತಿಗೆ ವಿಷಯ ಗೊತ್ತಾದದ್ದು ಆಸ್ಪತ್ರೆಗೆ ಹೊರಟ ರಾತ್ರಿ. "ಮೂವತ್ತು ವರ್ಷ ಜೊತೆಗಿದ್ದೀನಿ, ನನಗೆ ಹೇಳೋಕೆ ಏನಾಗಿತ್ತು" ಎಂದು ಅವರು ಅತ್ತದ್ದೇ ಈ ಲೇಖನಕ್ಕೆ ಕಾರಣ.

ಸಕ್ಕರೆ ಹೆಚ್ಚಿದ್ದಾಗ ಸೋಂಕು ಬೇಗ ಹರಡುತ್ತದೆ, ಗಾಯ ನಿಧಾನಕ್ಕೆ ಮಾಗುತ್ತದೆ. ಸ್ಪರ್ಶ ಕಡಿಮೆಯಾಗಿದ್ದವರಿಗೆ ಗಾಯವಾದದ್ದೇ ತಿಳಿಯದಿರಬಹುದು, ಅದಕ್ಕೆ ಸ್ನಾನದ ಮನೆಯಲ್ಲಿ ಒಂದು ಕೈಗನ್ನಡಿ ಇಟ್ಟುಕೊಂಡು ನೋಡಿಕೊಳ್ಳಿ. ಇನ್ನೊಂದು ವಿಷಯ, ನಿಮ್ಮ ಮಾತ್ರೆಯ ಹೆಸರು ನೋಡಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಒಳ್ಳೆಯ ಮಾತ್ರೆಗಳೇ, ಹೃದಯಕ್ಕೂ ಮೂತ್ರಪಿಂಡಕ್ಕೂ ಅನುಕೂಲ. ಆದರೆ ಮೂತ್ರದಲ್ಲಿ ಸಕ್ಕರೆ ಇರುವುದರಿಂದ ಆ ಭಾಗದಲ್ಲಿ ಶಿಲೀಂಧ್ರದ ಸೋಂಕು ಬರುವುದು ಹೆಚ್ಚು. ಬೆವರಿನ ಶಾರ್ಟ್ಸ್ ಜೊತೆಯಾದರೆ ಕೇಳುವುದೇ ಬೇಡ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ತುರಿಕೆ, ಬಿಳಿ ಸ್ರಾವ, ಉರಿ ಕಂಡರೆ ವೈದ್ಯರಿಗೆ ತಿಳಿಸಿ. ಕಂಡದ್ದಕ್ಕಿಂತ ವಿಪರೀತ ನೋವು, ಬಾವು, ಚರ್ಮ ಕಪ್ಪಾಗುವುದು, ಕೆಟ್ಟ ವಾಸನೆ, ಜೊತೆಗೆ ಜ್ವರ ಇದ್ದರೆ ಬೆಳಗಾಗುವುದನ್ನು ಕಾಯಬೇಡಿ. ಇದು ಅಪರೂಪ, ಆದರೆ ಪ್ರಾಣಕ್ಕೆ ಅಪಾಯ.

*ಜೋಮು*

ಎರಡು ಕೂರುವ ಮೂಳೆಗಳ ನಡುವಿನ ಮೃದು ಜಾಗದಲ್ಲಿ ಜನನಾಂಗಕ್ಕೆ ಹೋಗುವ ನರ, ರಕ್ತನಾಳಗಳು ಹಾದುಹೋಗುತ್ತವೆ. ಭಾರ ಮೂಳೆ ಬಿಟ್ಟು ಅಲ್ಲಿಗೆ ಬಂದರೆ ಅವು ಒತ್ತಿಹೋಗುತ್ತವೆ. ಕಾಲು ಮಡಿಸಿ ಕೂತಾಗ ಪಾದ ಜೋಮು ಹಿಡಿದಂತೆ ಅಲ್ಲಿ ಜೋಮು ಹಿಡಿಯುತ್ತದೆ, ಮುಟ್ಟಿದರೆ ಬೇರೆಯವರ ಚರ್ಮ ಅನ್ನಿಸುತ್ತದೆ. ಗಂಡಸರಿಗೂ ಆಗುತ್ತದೆ, ಹೆಂಗಸರಿಗೂ ಆಗುತ್ತದೆ. ಹೆಂಗಸರಲ್ಲಿ ಊತವೂ ಬರಬಹುದು.

ಇದಕ್ಕೆ ರೂಢಿ ಎಂಬುದಿಲ್ಲ. ಜೋಮು ಅನ್ನಿಸಿದ ಕೂಡಲೇ ಎದ್ದು ನಿಂತು ತುಳಿಯಿರಿ, ಹೋಗದಿದ್ದರೆ ಇಳಿದು ಐದು ನಿಮಿಷ ನಡೆಯಿರಿ. ಮನೆಗೆ ಬಂದು ಸೀಟಿನ ಮೂತಿ, ಎತ್ತರ, ಹ್ಯಾಂಡಲ್ ಮತ್ತೆ ನೋಡಿ. ಸರಿಮಾಡಿದ ಮೇಲೂ ಬರುತ್ತಿದ್ದರೆ ನಡುವೆ ಸೀಳು ಅಥವಾ ತಗ್ಗು ಇರುವ ಸೀಟು ಹಾಕಿಸಿ, ಅಲ್ಲಿಯವರೆಗೆ ಸೈಕಲ್ ನಿಲ್ಲಿಸಿ. ಇಳಿದ ಮೇಲೆ ಗಂಟೆಗಟ್ಟಲೆ ಜೋಮು ಉಳಿದರೆ, ಪ್ರತಿ ಸವಾರಿಯಲ್ಲೂ ಬಂದರೆ, ಮೂತ್ರ ಮಾಡಲು ಕಷ್ಟವಾದರೆ, ಗಂಡಸರಿಗೆ ನಿಮಿರುವಿಕೆಯಲ್ಲಿ ವ್ಯತ್ಯಾಸ ಕಂಡರೆ ವೈದ್ಯರನ್ನು ಕಾಣಬೇಕು. ಬೇಗ ಒತ್ತಡ ತೆಗೆದರೆ ಬಹುತೇಕ ಇದು ಸರಿಹೋಗುವಂಥದ್ದೇ.

ವೈದ್ಯರಿಗೆ ಹೇಳುವುದೂ ನಮ್ಮಂಥ ಪರವೂರಿನವರಿಗೆ ಒಂದು ಸಮಸ್ಯೆ. ಲೆಕ್ಕ, ವ್ಯಾಪಾರ, ಜಗಳ ಎಲ್ಲ ಹಿಂದಿಯಲ್ಲೋ ಮರಾಠಿಯಲ್ಲೋ ಆಗುತ್ತದೆ, ಇಂಥ ಜಾಗದ ನೋವು ಹೇಳಲು ಮಾತ್ರ ಮಾತೃಭಾಷೆಯೇ ಬೇಕು ಅನ್ನಿಸುತ್ತದೆ. ಊರಿನಿಂದ ಬಂದಿರುವ, ಕನ್ನಡ ಬಿಟ್ಟು ಬೇರೆ ಬಾರದ ಅಮ್ಮ ಮಗನ ಎದುರು ಡಾಕ್ಟರಿಗೆ ಏನು ಹೇಳಿಯಾರು? ಬರೀ "ನೋವು" ಅಂದರೆ ಡಾಕ್ಟರು ನೋವಿನ ಮಾತ್ರೆ ಬರೆಯುತ್ತಾರೆ. ಜೋಮಿಗೆ ಹಿಂದಿಯಲ್ಲಿ "ಸುನ್ನ್", ಮರಾಠಿಯಲ್ಲಿ "ಬಧೀರ್", ತೆಲುಗಿನಲ್ಲಿ "ತಿಮ್ಮಿರಿ", ತಮಿಳಿನಲ್ಲಿ "ಮರತ್ತು ಪೋಚ್ಚು" ಎನ್ನುತ್ತಾರೆ. ಎಲ್ಲಿ, ಎಷ್ಟು ದಿನದಿಂದ, ಎಷ್ಟು ಹೊತ್ತು ತುಳಿದಾಗ ಎಂದು ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರೂ ಆಯಿತು. ಅಮ್ಮನ ಜೊತೆ ಮಗನ ಬದಲು ಮಗಳೋ ಸೊಸೆಯೋ ಹೋದರೆ ಅವರಿಗೆ ಹಗುರ.

ಇನ್ನು ಕೆಲವರು ಸೈಕಲ್ ಹತ್ತುವ ಮುಂಚೆಯೇ ವೈದ್ಯರನ್ನು ಕೇಳಬೇಕು: ಮೂಲವ್ಯಾಧಿ, ಭಗಂದರದ ಆಪರೇಷನ್ ಆದವರು, ಇತ್ತೀಚೆಗೆ ಹೆರಿಗೆಯಾದವರು, ಗರ್ಭಿಣಿಯರು, ಪ್ರಾಸ್ಟೇಟ್ ತೊಂದರೆ ಇರುವವರು. ಪ್ರಾಸ್ಟೇಟಿಗಾಗಿ ಪಿಎಸ್‌ಎ ರಕ್ತಪರೀಕ್ಷೆ ಇದ್ದರೆ ಎರಡು ದಿನ ಮುಂಚಿನಿಂದ ಸೈಕಲ್ ತುಳಿಯಬೇಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮುಟ್ಟು ನಿಂತ ಹೆಂಗಸರಿಗೆ ಆ ಭಾಗದ ಚರ್ಮ ಒಣಗಿ ತೆಳುವಾಗಿರುತ್ತದೆ, ಬೇಗ ಕೀಳುತ್ತದೆ. ಅವರು ಮೊದಲ ತಿಂಗಳು ಇನ್ನೂ ನಿಧಾನ ಮಾಡಬೇಕು, ಉರಿ ಉಳಿದರೆ ಸ್ತ್ರೀರೋಗ ತಜ್ಞರ ಹತ್ತಿರ ಇದಕ್ಕೆ ಒಳ್ಳೆಯ ಔಷಧಿ ಇದೆ.

ಠಾಣೆಯವರು ಈಗ ಮತ್ತೆ ತುಳಿಯುತ್ತಿದ್ದಾರೆ, ವಾರಕ್ಕೆ ನಾಲ್ಕು ದಿನ, ಅರ್ಧರ್ಧ ಗಂಟೆ. ಅವರ ಸೀಟಿನ ಮೂತಿ ನಾಲ್ಕು ಬೆರಳು ಮೇಲಕ್ಕೆದ್ದಿತ್ತು. ಅಂಗಡಿಯಿಂದ ತಂದ ದಿನದಿಂದಲೂ ಹಾಗೆಯೇ ಇತ್ತಂತೆ, ಸರಿಮಾಡಿದ್ದು ಅವರ ಹೆಂಡತಿ.

ಮುಂದಿನ ವಾರ: ಸೈಕಲ್ ತುಳಿಯುವಾಗ ಕೈಬೆರಳು ಜೋಮು ಹಿಡಿಯುವುದು ಮತ್ತು ಕುತ್ತಿಗೆ ನೋವು.